ನೂರು ರೂಪಾಯಿಯಲ್ಲಿ ಐವತ್ತು ಕಾಗದಕ್ಕೆ

ಮಕ್ಕಳೇ, ಈ ವಾರ ಒಂದು ಲೆಕ್ಕದಿಂದ ಶುರು ಮಾಡೋಣ. ಬ್ಯಾಂಕಿನ ಕೌಂಟರ್ ಹಿಂದೆ ಕೂತೇ ತಲೆ ನರೆತವನಿಗೆ ಬೇರೆ ಥರ ಶುರು ಮಾಡಲು ಬರುವುದಿಲ್ಲ. ವಾಟರ್ ಕಲರ್ ಕಲಿಯಬೇಕು ಅಂತ ನೀವು 100 ರೂಪಾಯಿ ಹಿಡಿದುಕೊಂಡು ಅಂಗಡಿಗೆ ಹೊರಟಿದ್ದೀರಿ ಅನ್ನಿ. ಬಣ್ಣ ಬೇಕು, ಬ್ರಷ್ ಬೇಕು, ಕಾಗದ ಬೇಕು. ಯಾವುದಕ್ಕೆ ಎಷ್ಟು ಕೊಡುತ್ತೀರಿ?

ನಮ್ಮ ಬೀದಿಯ ಮಕ್ಕಳನ್ನು ಕೇಳಿ ನೋಡಿದೆ. ಬಣ್ಣಕ್ಕೆ 70, ಬ್ರಷ್‌ಗೆ 20, ಉಳಿದ 10 ಕಾಗದಕ್ಕೆ ಅಂದರು. ಒಬ್ಬ ಹುಡುಗನಂತೂ ಕಾಗದಕ್ಕೆ ದುಡ್ಡೇ ಬೇಡ, ಹೋದ ವರ್ಷದ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆ ಬೇಕಾದಷ್ಟಿದೆ ಅಂದ. ಅವನ ಉಳಿತಾಯ ಬುದ್ಧಿ ನನಗೆ ಇಷ್ಟವಾಯಿತು, ಆದರೆ ಉತ್ತರ ತಪ್ಪು. ನನ್ನ ಹಂಚಿಕೆ ತಲೆಕೆಳಗು: ಕಾಗದಕ್ಕೆ 50, ಬ್ರಷ್‌ಗೆ 25, ಬಣ್ಣಕ್ಕೆ 25. ನೂರು ರೂಪಾಯಿ ಅಂದದ್ದು ಲೆಕ್ಕದ ಅನುಕೂಲಕ್ಕೆ ಅಷ್ಟೇ, ಅಂಗಡಿಗೆ ಹೋದರೆ ಅದರ ಹಲವು ಪಟ್ಟು ಬೇಕಾಗುತ್ತದೆ. ಎಷ್ಟೇ ತೆಗೆದುಕೊಂಡು ಹೋದರೂ ಪಾಲು ಮಾತ್ರ ಇದೇ.

ಕಾಗದಕ್ಕೆ ಯಾಕೆ ಅಷ್ಟು? ಆರನೇ ಕ್ಲಾಸಿನ ನನ್ನ ಮೊಮ್ಮಗಳ ವಿಷಯ ಹೇಳುತ್ತೇನೆ. ಬೇಸಿಗೆ ರಜೆಗೆ ಬಂದವಳು ಎರಡು ದಿನ ಹಜಾರದ ತುಂಬ ಹರಡಿಕೊಂಡು ಬಣ್ಣ ಹಚ್ಚಿದಳು. ಮೂರನೆಯ ದಿನ ಡಬ್ಬಿ ಬೀರುವಿನ ಮೇಲೆ ಹೋಯಿತು.

“ನಂಗೆ ಪೇಂಟಿಂಗ್ ಬರಲ್ಲ ತಾತ.”

“ಯಾಕೆ ಪುಟ್ಟಿ?”

“ಆಕಾಶ ಬಳಿದ್ರೆ ಪಟ್ಟೆ ಪಟ್ಟೆ ಆಗತ್ತೆ. ಸರಿ ಮಾಡಕ್ಕೆ ಹೋದ್ರೆ ಪೇಪರೇ ಕಿತ್ಕೊಂಡು ಬರತ್ತೆ. ನನ್ನ ಕೈಯೇ ಸರಿ ಇಲ್ಲ.”

ಹನ್ನೊಂದು ವರ್ಷದ ಹುಡುಗಿ, ತನ್ನ ಕೈಯೇ ಸರಿ ಇಲ್ಲ ಅಂತ ತೀರ್ಪು ಕೊಟ್ಟುಕೊಂಡುಬಿಟ್ಟಿದ್ದಳು. ಆ ಡ್ರಾಯಿಂಗ್ ಪುಸ್ತಕ ತೆಗೆದು ನೋಡಿದೆ. ಹಾಳೆ ಕರಿದ ಹಪ್ಪಳದ ಹಾಗೆ ಉಬ್ಬಿತ್ತು. ಬ್ರಷ್ ಎರಡನೆಯ ಸಲ ಓಡಾಡಿದ ಕಡೆಯೆಲ್ಲ ಕಾಗದ ಕಿತ್ತು ಸಣ್ಣ ಸಣ್ಣ ಉಂಡೆ ಕಟ್ಟಿತ್ತು. ಮರದ ಹಸಿರು ಹಿಂದಿನ ಪುಟಕ್ಕೂ ಇಳಿದಿತ್ತು. ದೊಡ್ಡ ಕಲಾವಿದರನ್ನು ಕೂರಿಸಿದರೂ ಆ ಕಾಗದದ ಮೇಲೆ ಆಕಾಶ ಬರುತ್ತಿರಲಿಲ್ಲ.

ನಾನು ಪಾಠ ಹೇಳಲು ಹೋಗಲಿಲ್ಲ. ನಾನೇ ನಿವೃತ್ತನಾದ ಮೇಲೆ ಬ್ರಷ್ ಹಿಡಿದವನು. ನನ್ನ ಹತ್ತಿರ ಇದ್ದ ವಾಟರ್ ಕಲರ್ ಹಾಳೆಯಲ್ಲಿ ಒಂದು ತುಂಡು ಕತ್ತರಿಸಿ ಅವಳ ಮುಂದಿಟ್ಟೆ. ಅದೇ ಡಬ್ಬಿಯ ಅದೇ ನೀಲಿ, ಅದೇ ಬ್ರಷ್, ಆ “ಸರಿ ಇಲ್ಲದ” ಕೈ. ಬಣ್ಣ ಕಾಗದದ ಮೇಲೆ ನೀರಾಗಿಯೇ ನಿಂತಿತು. ರಟ್ಟನ್ನು ಸ್ವಲ್ಪ ಓರೆ ಮಾಡಿದಾಗ ಮೆಲ್ಲಗೆ ಕೆಳಗೆ ಸರಿಯಿತು. ಪಟ್ಟೆಗಳೆಲ್ಲ ಒಂದರೊಳಗೊಂದು ಕರಗಿದವು. ಬಲಗಡೆ ಮೂಲೆಯಲ್ಲಿ ಒಂದು ಕಲೆ ಮಾತ್ರ ಉಳಿಯಿತು. “ಅದು ಮೋಡ,” ಅಂದಳು, ಇನ್ನೊಂದು ತುಂಡು ಕೇಳಿದಳು.

ಇದರ ಗುಟ್ಟು ಗಂಜಿಯಲ್ಲಿದೆ. ಅಜ್ಜಿಯರು ಕಾಟನ್ ಸೀರೆಗೆ ಗಂಜಿ ಹಾಕುವ ಹಾಗೆ ವಾಟರ್ ಕಲರ್ ಕಾಗದಕ್ಕೂ ತಯಾರಿಸುವಾಗಲೇ ಒಂದು ಬಗೆಯ ಗಂಜಿ ಕೊಟ್ಟಿರುತ್ತಾರೆ. ಸೈಜಿಂಗ್ ಅಂತ ಅದರ ಹೆಸರು. ಬಣ್ಣದ ನೀರು ತಕ್ಷಣ ಒಳಗೆ ಇಂಗದ ಹಾಗೆ ಅದು ತಡೆದು ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ ನೀವು ಬಣ್ಣ ಹರಡಬಹುದು, ಇನ್ನೊಂದು ಬಣ್ಣ ಸೇರಿಸಬಹುದು, ಹೆಚ್ಚಾದದ್ದನ್ನು ಒರೆಸಿ ತೆಗೆಯಬಹುದು. ಸಾಮಾನ್ಯ ಡ್ರಾಯಿಂಗ್ ಪುಸ್ತಕ ಪೆನ್ಸಿಲಿಗೆ, ಕ್ರೇಯಾನ್‌ಗೆ ಆದದ್ದು. ಅದರ ಮೇಲೆ ನೀರು ಬಿದ್ದ ಕೂಡಲೇ ಕುಡಿದುಬಿಡುತ್ತದೆ, ನಿಮಗೆ ಯೋಚಿಸಲು ಸಮಯವನ್ನೇ ಕೊಡುವುದಿಲ್ಲ. (ಹಳೆಯ ಪದ್ಧತಿಯಲ್ಲಿ ಈ ಗಂಜಿಗೆ ಬಳಸುತ್ತಿದ್ದದ್ದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್. ಈಗಲೂ ಕೆಲವು ದುಬಾರಿ ಕಾಗದಗಳಲ್ಲಿ ಅದೇ ಇರುತ್ತದೆ. ಬೇಡ ಅನ್ನುವ ಮನೆಯವರು ವಿಚಾರಿಸಿ ಕೊಳ್ಳಿ, ಅದಿಲ್ಲದ ಕಾಗದವೂ ಸಿಗುತ್ತದೆ.)

ಇನ್ನು ತೂಕ. ಪ್ಯಾಕೆಟ್ಟಿನ ಮೇಲೆ ಜಿಎಸ್‌ಎಂ ಅಂತ ಒಂದು ಸಂಖ್ಯೆ ಇರುತ್ತದೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದೇ ಅದು. ಮಕ್ಕಳೇ, ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಪಾಲು. ಹಾಗಾದರೆ ಜೆರಾಕ್ಸ್ ಅಂಗಡಿಯ 75 ಜಿಎಸ್‌ಎಂ ಹಾಳೆ ಒಂದಕ್ಕೆ 4.7 ಗ್ರಾಂ ಹತ್ತಿರ, 300 ಜಿಎಸ್‌ಎಂ ಹಾಳೆಗೆ 18.75 ಗ್ರಾಂ. ಇಪ್ಪತ್ತು ಹಾಳೆ ಒಟ್ಟಿಗೆ ತೂಗಿದರೆ 375 ಗ್ರಾಂ ಬರಬೇಕು. ಅಡುಗೆಮನೆಯ ತಕ್ಕಡಿ ಮೇಲಿಟ್ಟು ನೋಡಿ, ನಾನು ನೋಡಿದ್ದೇನೆ. ಕಲಿಯುವವರು 300 ಜಿಎಸ್‌ಎಂಗಿಂತ ಕೆಳಗೆ ಇಳಿಯಬೇಡಿ. ತೆಳುವಾದದ್ದು ಒದ್ದೆಯಾದರೆ ಹಪ್ಪಳವೇ.

ಕಾಗದದ ಮೈಯಲ್ಲಿ ಮೂರು ಬಗೆ. ಹಾಟ್ ಪ್ರೆಸ್ ಅಂದರೆ ಇಸ್ತ್ರಿ ಮಾಡಿದಷ್ಟು ನುಣುಪು. ರಫ್ ಅಂದರೆ ಕೈಗೆ ತರಿತರಿ. ಕೋಲ್ಡ್ ಪ್ರೆಸ್ ನಡುವಿನದು, ಅದನ್ನೇ ಕೇಳಿ. ಹತ್ತಿಯಿಂದ ಮಾಡಿದ್ದು, ಮರದ ತಿರುಳಿನಿಂದ ಮಾಡಿದ್ದು ಅಂತ ಇನ್ನೊಂದು ಭೇದವಿದೆ. ಹತ್ತಿಯ ಕಾಗದ ಹೆಚ್ಚು ಹೊತ್ತು ಹಸಿಯಾಗಿರುತ್ತದೆ, ಎಷ್ಟು ಉಜ್ಜಿದರೂ ಸಹಿಸಿಕೊಳ್ಳುತ್ತದೆ, ಬೆಲೆಯೂ ಹಾಗೇ ಇರುತ್ತದೆ. ದಿನದ ಅಭ್ಯಾಸಕ್ಕೆ ಮರದ ತಿರುಳಿನದು ಸಾಕು. ಆದರೆ ಒಂದೇ ಒಂದು ಹತ್ತಿಯ ಹಾಳೆಯನ್ನೂ ಕೊಂಡು ಮನೆಯಲ್ಲಿಟ್ಟುಕೊಳ್ಳಿ, ವ್ಯತ್ಯಾಸ ಕೈಗೆ ಗೊತ್ತಾಗಲಿ.

ಕಾಗದ ಹೇಗಿದೆ ಅಂತ ಪರೀಕ್ಷಿಸುವುದು ಸುಲಭ. ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಹನಿ ಗುಂಡಗೆ ಕೂತು ನಿಧಾನವಾಗಿ ಹರಡಿದರೆ ಒಳ್ಳೆಯದು. ಬಿದ್ದ ಕ್ಷಣವೇ ಇಂಗಿ ಹಿಂಬದಿಗೆ ಕಂಡರೆ ಅದರ ಮೇಲೆ ಪೆನ್ಸಿಲ್ ಚಿತ್ರ ಬರೆಯಿರಿ. ಹೊಸ ಕಾಗದ ಕೊಳ್ಳುವಾಗ ಮೊದಲು ಒಂದೇ ಹಾಳೆ ತಂದು ಹೀಗೆ ನೋಡಿ, ಆಮೇಲೆ ಪ್ಯಾಕೆಟ್ ತನ್ನಿ. ಸಾಲ ಕೊಡುವ ಮುಂಚೆ ಕಾಗದಪತ್ರ ನೋಡುವುದು ನಮ್ಮ ಹಳೆಯ ಅಭ್ಯಾಸ.

ಒಳ್ಳೆಯ ಕಾಗದ ತಂದ ಮೇಲೆ ಹೊಸ ತೊಂದರೆ ಒಂದಿದೆ: ಹಾಳಾದೀತು ಅನ್ನುವ ಭಯ. ದೊಡ್ಡವರು ಪಕ್ಕದಲ್ಲಿ ನಿಂತು “ಹುಷಾರು, ಹುಷಾರು” ಅನ್ನುತ್ತಿದ್ದರೆ ಯಾವ ಮಗುವೂ ಬಣ್ಣ ಹಚ್ಚಲಾರದು. ಅದಕ್ಕೆ ಮೊದಲೇ ಕತ್ತರಿಸಿಬಿಡಿ. 22 ಇಂಚು ಅಗಲ 30 ಇಂಚು ಉದ್ದದ ಪೂರ್ತಿ ಹಾಳೆಯಲ್ಲಿ ಏಳೂವರೆ ಇಂಚಿಗೆ ಹನ್ನೊಂದರಂತೆ 8 ತುಂಡು ಬರುತ್ತವೆ. ಎ4 ಆದರೆ ನಾಲ್ಕಾಗಿ ಕತ್ತರಿಸಿ. 12 ಹಾಳೆಯ ಪ್ಯಾಡ್ 48 ಚಿತ್ರವಾಯಿತು, ಹಿಂಬದಿಯನ್ನೂ ಬಳಸಿದರೆ 96. ವಾರಕ್ಕೆ ಎರಡರಂತೆ ಹತ್ತಿರಹತ್ತಿರ ಒಂದು ವರ್ಷದ ಕಾಗದ. ಹೀಗೆ ಲೆಕ್ಕ ಹಾಕಿದರೆ ಅಂಗಡಿಯಲ್ಲಿ ಕೇಳಿದ ಬೆಲೆ ಅಷ್ಟೊಂದು ಹೆದರಿಸುವುದಿಲ್ಲ.

ವಾಟರ್ ಕಲರ್‌ನಲ್ಲಿ ಬಿಳಿ ಅನ್ನುವುದು ಹೆಚ್ಚಾಗಿ ಕಾಗದದ್ದೇ. ತೆಳುವಾದ ಬಣ್ಣದ ಕೆಳಗಿಂದ ಕಾಗದದ ಬೆಳಕು ಮೇಲೆ ಬರುತ್ತದೆ. ಮೈಸೂರಿಗೆ ಬಂದಾಗ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ, ಕೈದೀಪ ಹಿಡಿದು ಬೆರಳುಗಳ ಮರೆಯಲ್ಲಿ ಅದನ್ನು ಕಾಪಾಡುತ್ತಿರುವ ಹೆಣ್ಣಿನ ಚಿತ್ರ ನೋಡಿ. ‘ಗ್ಲೋ ಆಫ್ ಹೋಪ್’ ಅಂತ ಅದರ ಹೆಸರು. ರವಿವರ್ಮ ಬರೆದದ್ದು ಅಂತ ತಿಳಿದವರು ಬಹಳ ಜನ. ಅದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಣಕರ್, 1940ರ ದಶಕದಲ್ಲಿ, ತಮ್ಮ ಮಗಳನ್ನೇ ದೀಪ ಹಿಡಿಸಿ ನಿಲ್ಲಿಸಿ. ಅದು ಎಣ್ಣೆಬಣ್ಣವಲ್ಲ, ಜಲವರ್ಣ. ನಿಮ್ಮ ಶಾಲೆಯ ಚೀಲದಲ್ಲಿರುವ ಬಣ್ಣದ ಕುಲವೇ. ಬೆರಳ ಸಂದಿಯಲ್ಲಿ ಆ ಕೆಂಪು ಬೆಳಕು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಬ್ರಷ್‌ಗೆ ಬರೋಣ. ಹತ್ತು ಹನ್ನೆರಡು ಬ್ರಷ್‌ಗಳ ಅಗ್ಗದ ಸೆಟ್ ಬೇಡ. ದುಂಡನೆಯದು ಎರಡು, 8 ಅಥವಾ 10ನೇ ನಂಬರಿನದೊಂದು, 4ನೇ ನಂಬರಿನದೊಂದು. ಆಕಾಶ ಬಳಿಯಲು ಒಂದು ಇಂಚಿನ ಚಪ್ಪಟೆ ಬ್ರಷ್ ಒಂದು. ಹೊಸ ದುಂಡು ಬ್ರಷ್ ಅಂಗಡಿಯಲ್ಲಿ ಚೂಪಾಗಿಯೇ ಕಾಣುತ್ತದೆ, ಯಾಕೆಂದರೆ ಅದಕ್ಕೆ ಅಂಟು ಹಾಕಿ ನಿಲ್ಲಿಸಿರುತ್ತಾರೆ. ಒಂದು ಲೋಟ ನೀರು ಕೇಳಿ. ಅದ್ದಿ, ಅಂಟು ಬಿಡಿಸಿ, ಒಂದು ಸಲ ಕೊಡವಿ. ಕೂದಲೆಲ್ಲ ತಾನೇ ಒಂದು ತುದಿಗೆ ಸೇರಿಕೊಂಡರೆ ಕೊಳ್ಳಿ, ಪೊರಕೆಯ ಹಾಗೆ ಹರಡಿಕೊಂಡರೆ ವಾಪಸ್ ಕೊಡಿ. ತುದಿ ಸರಿಯಾಗಿದ್ದರೆ ದೊಡ್ಡ ಬ್ರಷ್‌ನಲ್ಲೇ ಸಣ್ಣ ಗೆರೆಯೂ ಬರುತ್ತದೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಕೆಲವು ಕಡೆ ಮುಂಗುಸಿ ಕೂದಲಿನ ಬ್ರಷ್ ಬಹಳ ಒಳ್ಳೆಯದು ಅಂತ ಗುಟ್ಟಾಗಿ ಕೊಡುತ್ತಾರೆ. ಒಂದೇ ಕೂದಲಿನಲ್ಲಿ ಕಡು ಕಂದು, ನಡುವೆ ಕೆನೆಬಣ್ಣ ಇದ್ದರೆ ಅನುಮಾನಪಡಿ. ಆ ಕೂದಲಿಗಾಗಿ ಮುಂಗುಸಿಯನ್ನು ಕೊಲ್ಲುತ್ತಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮುಂಗುಸಿಗೆ ರಕ್ಷಣೆ ಇದೆ, ಅದರ ಕೂದಲಿನ ವ್ಯಾಪಾರ ಅಪರಾಧ. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿದ ಮುಂಗುಸಿಯ ಕಥೆಯನ್ನು ನಿಮ್ಮ ಅಜ್ಜಿ ಹೇಳಿಯೇ ಇರುತ್ತಾರೆ. ಅದರ ಬಾಲದಿಂದ ನಿಮ್ಮ ಚಿತ್ರ ಬೇಡ. ಸಿಂಥೆಟಿಕ್ ಅಂತ ಕೇಳಿ ತೆಗೆದುಕೊಳ್ಳಿ. ಬೆಲೆ ಕಡಿಮೆ, ತುದಿ ಗಟ್ಟಿ, ತೊಳೆಯುವುದೂ ಸುಲಭ.

ಬಣ್ಣಕ್ಕೆ ಕೊನೆಗೆ ಬಂದೆ, ಬೇಕೆಂದೇ. ಪೋಸ್ಟರ್ ಕಲರ್ ಬೇರೆ, ವಾಟರ್ ಕಲರ್ ಬೇರೆ. ಪೋಸ್ಟರ್ ಕಲರ್ ದಪ್ಪ, ಕಾಗದದ ಬೆಳಕನ್ನು ಮುಚ್ಚಿಬಿಡುತ್ತದೆ. ಟ್ಯೂಬ್ ಮೇಲಿನ ಹೆಸರು ಓದಿ ತನ್ನಿ. ಕಲಿಯಲು ಸ್ಟೂಡೆಂಟ್ ದರ್ಜೆಯೇ ಸಾಕು. ನಮ್ಮ ಕಾಲದಿಂದ ಈ ಕಾಲದವರೆಗೆ ಎಲ್ಲ ಸ್ಟೇಷನರಿ ಅಂಗಡಿಯಲ್ಲೂ ಸಿಗುವ ಕ್ಯಾಮೆಲ್ ಟ್ಯೂಬ್ ಸಾಕು. ಆ ಕಂಪನಿ 1931ರಲ್ಲಿ ಮುಂಬೈಯಲ್ಲಿ ಶಾಯಿ ತಯಾರಿಸುತ್ತ ಹುಟ್ಟಿದ್ದು, ಬಣ್ಣ ಆಮೇಲೆ ಬಂತು. ಬಿಡಿ ಟ್ಯೂಬ್ ಸಿಗುವ ಅಂಗಡಿ ಇದ್ದರೆ ನಾಲ್ಕೇ ಕೊಳ್ಳಿ: ಅಲ್ಟ್ರಾಮರೀನ್ ನೀಲಿ, ಕ್ರಿಮ್ಸನ್ ಕೆಂಪು, ಲೆಮನ್ ಹಳದಿ, ಬರ್ಂಟ್ ಸಿಯೆನ್ನಾ ಅನ್ನುವ ಇಟ್ಟಿಗೆ ಕಂದು. ಹಸಿರು, ಕಿತ್ತಳೆ, ನೇರಳೆ ಇವುಗಳಲ್ಲೇ ಇದೆ, ನೀವೇ ಬೆರೆಸಿ ಹೊರಗೆ ತರಬೇಕು. ನೀಲಿಗೆ ಆ ಕಂದು ಸೇರಿಸಿದರೆ ಮಳೆಮೋಡದ ಬೂದು, ದಪ್ಪ ಬೆರೆಸಿದರೆ ಹತ್ತಿರಹತ್ತಿರ ಕಪ್ಪು. ಟ್ಯೂಬಿನ ಕಪ್ಪಿಗಿಂತ ಅದಕ್ಕೆ ಜೀವ ಹೆಚ್ಚು. ಕೆಲವು ಸೆಟ್‌ಗಳಲ್ಲಿ ‘ಫ್ಲೆಷ್ ಟಿಂಟ್’ ಅಂತ ತಿಳಿಗುಲಾಬಿ ಟ್ಯೂಬ್ ಒಂದು ಬರುತ್ತದೆ, ಚರ್ಮದ ಬಣ್ಣವಂತೆ. ನಮ್ಮ ಮನೆಯಲ್ಲಿ ಆ ಬಣ್ಣದವರು ಯಾರೂ ಇಲ್ಲ. ನಿಮ್ಮ ಕೈಯನ್ನು ಪಕ್ಕದಲ್ಲಿಟ್ಟುಕೊಂಡು ಕಂದಿಗೆ ಹಳದಿ, ಕೆಂಪು ಬೆರೆಸಿ ನೋಡಿ.

ಆ ನೀಲಿಗೆ ದೊಡ್ಡ ಚರಿತ್ರೆ ಇದೆ. ಅಲ್ಟ್ರಾಮರೀನ್ ಅಂದರೆ ಕಡಲಾಚೆಯದು. ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳ ಲಾಜವರ್ದ ಕಲ್ಲನ್ನು ಅರೆದು ತೆಗೆಯುತ್ತಿದ್ದರು, ಯೂರೋಪಿನಲ್ಲಿ ಅತಿ ದುಬಾರಿ ಬಣ್ಣಗಳಲ್ಲಿ ಅದೂ ಒಂದು. 1824ರಲ್ಲಿ ಫ್ರಾನ್ಸಿನ ಕೈಗಾರಿಕಾ ಪ್ರೋತ್ಸಾಹ ಸಂಘ, ಇದನ್ನು ಕಲ್ಲಿಲ್ಲದೆ ತಯಾರಿಸಿ ತೋರಿಸಿದವರಿಗೆ 6,000 ಫ್ರಾಂಕ್ ಬಹುಮಾನ ಇಟ್ಟಿತು. 1828ರಲ್ಲಿ ಗಿಮೆ ಅನ್ನುವವರು ಅದನ್ನು ಗೆದ್ದರು. ಆಮೇಲೆ ಅದೆಷ್ಟು ಅಗ್ಗವಾಯಿತು ಅಂದರೆ ಬಟ್ಟೆಗೆ ಹಾಕುವ ನೀಲಿಗೂ ಅದೇ ಪುಡಿ ಬಂತು. ರಾಜರ ಮನೆಯ ಬಣ್ಣದಲ್ಲಿ ನಮ್ಮ ಪಂಚೆ ಅದ್ದಿ ಒಣಹಾಕುತ್ತಿದ್ದೆವು, ಯಾರಿಗೂ ಗೊತ್ತಿರಲಿಲ್ಲ!

ಪುಡಿಯನ್ನು ಹಿಡಿದಿಡುವುದು ಜಾಲಿಯ ಜಾತಿಯ ಮರದ ಅಂಟು. ಆ ಅಂಟು ಒಣಗಿದರೂ ಮತ್ತೆ ನೀರಿಗೆ ಕರಗುತ್ತದೆ. ಹಾಗಾಗಿ ಟ್ಯೂಬ್ ಗಟ್ಟಿಯಾಯಿತು ಅಂತ ಎಸೆಯಬೇಡಿ. ಉದ್ದಕ್ಕೆ ಕತ್ತರಿಸಿ ತೆರೆಯಿರಿ, ಒದ್ದೆ ಬ್ರಷ್ ಆಡಿಸಿ, ಕೇಕ್ ಬಣ್ಣದ ಹಾಗೆ ಪೂರ್ತಿ ಬಳಸಿ. ಮುಚ್ಚಳ ಕಚ್ಚಿಕೊಂಡಿದ್ದರೆ ಬಿಸಿನೀರಿನಲ್ಲಿ ಒಂದು ನಿಮಿಷ ತಲೆಕೆಳಗಾಗಿ ಹಿಡಿಯಿರಿ, ಹಲ್ಲಿನಿಂದ ಮಾತ್ರ ಬೇಡ. ಬ್ರಷ್ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಚಾಳಿಯೂ ಬೇಡ, ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹ ಇರುತ್ತದೆ.

ಉಳಿದದ್ದಕ್ಕೆಲ್ಲ ದುಡ್ಡು ಬೇಡ. ಅಂಚು ಒಡೆದ ಬಿಳಿ ಪಿಂಗಾಣಿ ತಟ್ಟೆ ಬಣ್ಣ ಬೆರೆಸಲು. ಸ್ಟೀಲ್ ತಟ್ಟೆ ಬೇಡ, ಹೊಳಪಿನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ. ಉಪ್ಪಿನಕಾಯಿಯ ಖಾಲಿ ಬಾಟಲಿ ಎರಡು, ಒಂದರಲ್ಲಿ ಬ್ರಷ್ ತೊಳೆಯಿರಿ, ಇನ್ನೊಂದರ ನೀರು ಬಣ್ಣಕ್ಕೆ. ಹಳೆಯ ಪಂಚೆಯ ತುಂಡು ಒಂದು. ಕಾಗದವನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಲು ಪರೀಕ್ಷೆಗೆ ಒಯ್ಯುವ ಪ್ಯಾಡ್. ಮುಗಿದ ಮೇಲೆ ಬ್ರಷ್ ತೊಳೆದು, ತುದಿಯನ್ನು ಬೆರಳಲ್ಲಿ ತಿದ್ದಿ, ಮಲಗಿಸಿ ಒಣಗಿಸಿ. ಲೋಟದ ನೀರಿನಲ್ಲಿ ರಾತ್ರಿಯೆಲ್ಲ ನಿಲ್ಲಿಸಿದರೆ ತುದಿ ಡೊಂಕಾಗುತ್ತದೆ, ಒಳಗಿನ ಅಂಟು ಸಡಿಲವಾಗಿ ಕೂದಲು ಉದುರುತ್ತದೆ.

ಮಲೆನಾಡಿನವರಿಗೆ, ಕರಾವಳಿಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಬಣ್ಣದ ತಟ್ಟೆ ಒದ್ದೆಯಿರುವಾಗಲೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಕಾಗದ ಥಂಡಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ಅದರ ಗಂಜಿ ಸತ್ತುಹೋಗಿ, ಬಣ್ಣ ಹಚ್ಚಿದಾಗ ಚುಕ್ಕೆ ಚುಕ್ಕೆ ಏಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀರುವಿನ ಮೇಲಿನ ಹಂತದಲ್ಲಿಡಿ. ಇರುವೆಯ ಕಾಟವೂ ಉಂಟು. ಕೆಲವು ಕಂಪನಿಗಳ ಬಣ್ಣದಲ್ಲಿ ಜೇನುತುಪ್ಪ ಇರುತ್ತದೆ, ಇರುವೆಗೆ ಅದನ್ನು ಓದಿ ಹೇಳಬೇಕಾಗಿಲ್ಲ.

ನನ್ನ ವಯಸ್ಸಿನವರಿಗೆ ಕಿವಿಮಾತು. ಇದಕ್ಕೆ ಎಣ್ಣೆಬಣ್ಣದ ಟರ್ಪೆಂಟೈನ್ ವಾಸನೆ ಇಲ್ಲ, ಊಟದ ಮೇಜಿನ ಮೇಲೇ ಕೂತು ಮಾಡಬಹುದು. ಬೆರಳಿನ ಗಂಟು ನೋಯುವವರು ಹಿಡಿ ದಪ್ಪವಾಗಲು ಬ್ರಷ್‌ಗೆ ಹಳೆಯ ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಕೈ ನಡುಗಿದರೆ ಸಣ್ಣ ಬ್ರಷ್ ಬಿಟ್ಟು ದೊಡ್ಡದು ಹಿಡಿಯಿರಿ. ಮರದ ಎಲೆ, ಹೊಳೆಯ ಅಲೆ ಇವಕ್ಕೆ ನಡುಗುವ ಕೈಯೇನೂ ಅಡ್ಡಿಯಿಲ್ಲ. ಕಣ್ಣಿಗಾಗಿ ಬೆಳಗಿನ ಹೊತ್ತು ಕಿಟಕಿಯ ಪಕ್ಕ ಕೂರಿ. ಮೊಮ್ಮಕ್ಕಳಿಗೆ ಒಂದು ತುಂಡು ಕಾಗದ, ನಿಮಗೊಂದು.

ಎರಡನೆಯ ಸಲ ಅಂಗಡಿಗೆ ಹೋಗುವ ಮುಂಚೆ ಟ್ಯೂಬ್‌ಗಳನ್ನು ಸಾಲಾಗಿಟ್ಟು ನೋಡಿ, ಮುಗಿದದ್ದನ್ನಷ್ಟೇ ಚೀಟಿಯಲ್ಲಿ ಬರೆದುಕೊಳ್ಳಿ. ನನ್ನ ಮೊಮ್ಮಗಳು ಊರಿಗೆ ಹೊರಡುವಾಗ ಹಳದಿ, ಕೆಂಪು ಅರ್ಧಕ್ಕಿಂತ ಹೆಚ್ಚು ಉಳಿದಿದ್ದವು. ನೀಲಿ ಟ್ಯೂಬ್ ಮಾತ್ರ ಟೂತ್‌ಪೇಸ್ಟಿನ ಹಾಗೆ ಬುಡದಿಂದ ಸುರುಳಿ ಸುತ್ತಿಕೊಂಡಿತ್ತು.